ನರ ಹೇಳಿದಂತೆ ಸ್ನಾಯು

ಬಂಗುಡೆ ಮೀನನ್ನು ಹೆಚ್ಚಿದವರು ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಮೀನಿನ ಎರಡೂ ಪಕ್ಕದಲ್ಲಿ, ಚರ್ಮದ ಕೆಳಗೇ, ಉದ್ದಕ್ಕೂ ಕಪ್ಪುಗೆಂಪು ಮಾಂಸದ ಒಂದು ಪಟ್ಟಿ ಇರುತ್ತದೆ. ಉಳಿದ ಮಾಂಸವೆಲ್ಲ ಮಾಸಲು ಬಿಳಿ. ಬಂಗುಡೆ ಬಿಡುವಿಲ್ಲದೆ ಈಜುತ್ತಲೇ ಇರುವುದು ಆ ಕೆಂಪು ಪಟ್ಟಿಯ ಬಲದಿಂದ. ದೊಡ್ಡ ಮೀನು ಅಟ್ಟಿಸಿಕೊಂಡು ಬಂದಾಗ ಛಂಗನೆ ತಪ್ಪಿಸಿಕೊಳ್ಳಲು ನೆರವಾಗುವುದು ಬಿಳಿ ಮಾಂಸ. ಕೋಳಿಯಲ್ಲೂ ಹೀಗೆಯೇ. ಹಗಲೆಲ್ಲ ಹಿತ್ತಲು ಕೆದಕುತ್ತಾ ಓಡಾಡುವ ಕಾಲಿನ ಮಾಂಸ ಕೆಂಪು. ಯಾವಾಗಲೋ ಒಮ್ಮೆ ಬೇಲಿ ಹಾರಲು ಬೇಕಾಗುವ ಎದೆಯ ಮಾಂಸ ಬಿಳಿ. ಕೆಂಪು ಸ್ನಾಯು ನಿಧಾನವಾಗಿ ಎಳೆಯುತ್ತದೆ, ದಣಿಯುವುದಿಲ್ಲ. ಬಿಳಿ ಸ್ನಾಯು ರಭಸದಿಂದ ಎಳೆಯುತ್ತದೆ, ಬೇಗ ದಣಿಯುತ್ತದೆ ಎಂಬುದನ್ನು ಫ್ರಾನ್ಸಿನ ರಾನ್ವಿಯೇ ಎಂಬ ವಿಜ್ಞಾನಿ 1870ರ ದಶಕದಲ್ಲೇ ತೋರಿಸಿಕೊಟ್ಟ.

ಮನುಷ್ಯನ ದೇಹದಲ್ಲಿ ಇವೆರಡು ಬಗೆ ಹೀಗೆ ಬೇರೆಬೇರೆ ಕಡೆ ಕೂತಿಲ್ಲ. ಒಂದೇ ಸ್ನಾಯುವಿನೊಳಗೆ ಎರಡೂ ಬೆರೆತಿವೆ. ಸ್ನಾಯು ಎಂದರೆ ಸಾವಿರಾರು ತಂತುಗಳ ಕಟ್ಟು. ಒಂದೊಂದು ತಂತುವೂ ಹೆಚ್ಚುಕಡಿಮೆ ತಲೆಗೂದಲಿನಷ್ಟು ದಪ್ಪ. ತೊಡೆಯ ಹೊರಮಗ್ಗುಲಿನ ಸ್ನಾಯುವಿನಲ್ಲಿ ಸುಮಾರು ಅರ್ಧದಷ್ಟು ನಿಧಾನದ ತಂತುಗಳು, ಉಳಿದರ್ಧ ವೇಗದವು. ಮೀನಖಂಡದ ಆಳದಲ್ಲಿ ಸೋಲಿಯಸ್ ಎಂಬ ಸ್ನಾಯು ಇದೆ. ನಾವು ನಿಂತಾಗ ಮುಂದಕ್ಕೆ ಮುಗ್ಗರಿಸದಂತೆ ಗಂಟೆಗಟ್ಟಲೆ ಹಿಡಿದಿಡುವುದು ಅದೇ. ಅದರಲ್ಲಿ ಬಹುಪಾಲು ನಿಧಾನದ ತಂತುಗಳೇ. ವೈದ್ಯರು ನಿಧಾನದ ತಂತುವನ್ನು ಟೈಪ್ 1 ಎಂದೂ ವೇಗದ್ದನ್ನು ಟೈಪ್ 2 ಎಂದೂ ಕರೆಯುತ್ತಾರೆ. ಟೈಪ್ 2ರಲ್ಲಿ ಮತ್ತೆ ಒಳಭೇದಗಳಿವೆ: ವೇಗವೂ ಇದ್ದು ಸ್ವಲ್ಪ ತಾಳಿಕೆಯೂ ಇರುವುದು 2ಎ, ಅತ್ಯಂತ ವೇಗದ, ಬಲುಬೇಗ ಸುಸ್ತಾಗುವ ಬಗೆ 2ಎಕ್ಸ್. ನಡೆಯಲು, ನಿಲ್ಲಲು ಟೈಪ್ 1. ಹೊರಟ ಬಸ್ಸಿನ ಹಿಂದೆ ಓಡಲು, ಎಡವಿದಾಗ ಬೀಳದಂತೆ ಸಾವರಿಸಿಕೊಳ್ಳಲು, ನೆಲದಿಂದ ಒಂದೇ ಏಟಿಗೆ ಏಳಲು ಟೈಪ್ 2.

ಸ್ನಾಯುವಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಗುರುತಿಸುವುದು ನನ್ನ ಉದ್ಯೋಗ. ನರಕ್ಕೋ ಸ್ನಾಯುವಿಗೋ ರೋಗ ತಗುಲಿದಾಗ ಈ ತಂತುಗಳ ಬಗೆ ಹೇಗೆ ಬದಲಾಗುತ್ತದೆ ಎಂಬುದನ್ನು ನಿಮ್ಮ ಮುಂದಿಡಬೇಕೆಂದು ಇವತ್ತು ಬಂದಿದ್ದೇನೆ. ಇದು ವೈದ್ಯರಿಗಷ್ಟೇ ಬೇಕಾದ ವಿಷಯವಲ್ಲ. ಮನೆಯಲ್ಲಿ ಪೋಲಿಯೋ ಆಗಿದ್ದವರಿದ್ದರೆ, ಬಹುಕಾಲದಿಂದ ಸ್ಟೆರಾಯ್ಡ್ ಮಾತ್ರೆ ನುಂಗುವವರಿದ್ದರೆ, ಅಥವಾ ಪದೇಪದೇ ಬೀಳುವ ಗಂಡುಮಗುವಿದ್ದರೆ, ಇದು ನಿಮ್ಮ ಮನೆಯ ಮಾತೇ.

ಮೊದಲು, ಬಗೆಯನ್ನು ಗುರುತಿಸುವುದು ಹೇಗೆಂದು ಹೇಳುತ್ತೇನೆ. ರೋಗಿಯ ತೊಡೆಯಿಂದಲೋ ತೋಳಿನಿಂದಲೋ ಕಡಲೆಕಾಳಿನಷ್ಟು ಸ್ನಾಯು ತೆಗೆಯುತ್ತಾರೆ. ಅದನ್ನು ಮೈನಸ್ 150 ಡಿಗ್ರಿಗೂ ಕೆಳಗೆ ತಣಿಸಿದ ದ್ರವದಲ್ಲಿ ಅದ್ದಿ ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿಸುತ್ತಾರೆ. ಆಮೇಲೆ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಅಡ್ಡಡ್ಡ ಕೊಯ್ದು ಗಾಜಿನ ಮೇಲೆ ಹಾಸುತ್ತಾರೆ. ತಂತುವನ್ನು ಎಳೆಯುವ ಪ್ರೊಟೀನು ಮಯೋಸಿನ್. ಅದು ಎಟಿಪಿ ಎಂಬ ಇಂಧನವನ್ನು ಒಡೆದು ಶಕ್ತಿ ಪಡೆಯುತ್ತದೆ. ಎಷ್ಟು ಬೇಗ ಒಡೆಯುತ್ತದೋ ತಂತು ಅಷ್ಟು ವೇಗವಾಗಿ ಕುಗ್ಗುತ್ತದೆ ಎಂದು 1967ರಲ್ಲಿ ಮೈಕೆಲ್ ಬಾರಾನಿ ತೋರಿಸಿದರು. ಈ ಒಡೆಯುವ ಕ್ರಿಯೆಯನ್ನೇ ಬಣ್ಣವಾಗಿ ಕಾಣಿಸುವ ವಿಧಾನವೊಂದಿದೆ. ಕ್ಷಾರದ ದ್ರಾವಣದಲ್ಲಿ, ಅಂದರೆ ಪಿಎಚ್ 9.4ರಲ್ಲಿ, ನೆನೆಸಿ ಬಣ್ಣ ಹಾಕಿದರೆ ವೇಗದ ತಂತುಗಳು ಕಪ್ಪಾಗಿ, ನಿಧಾನದವು ತಿಳಿಯಾಗಿ ಕಾಣುತ್ತವೆ. ಅದೇ ಸ್ನಾಯುವಿನ ಪಕ್ಕದ ಕೊಯ್ತವನ್ನು ಪಿಎಚ್ 4.3ರ ಆಮ್ಲದಲ್ಲಿ ನೆನೆಸಿದರೆ ಎಲ್ಲವೂ ತಿರುಗುಮುರುಗು: ಕಪ್ಪಾಗಿದ್ದದ್ದು ಬಿಳಿ, ಬಿಳಿಯಾಗಿದ್ದದ್ದು ಕಪ್ಪು. 1970ರಲ್ಲಿ ಬ್ರೂಕ್ ಮತ್ತು ಕೈಸರ್ ಈ ಕ್ರಮವನ್ನು ಒಪ್ಪವಾಗಿ ಕಟ್ಟಿಕೊಟ್ಟರು. ಇಷ್ಟು ಸರಳವಾದ ಪರೀಕ್ಷೆ ಇಷ್ಟೊಂದು ಹೇಳಬಲ್ಲದು ಎಂಬುದು ನನಗೆ ಈಗಲೂ ಬೆರಗಿನ ವಿಷಯ.

ಆರೋಗ್ಯವಂತರ ಸ್ನಾಯು ಈ ಬಣ್ಣದಲ್ಲಿ ಚದುರಂಗದ ಮಣೆಯಂತೆ ಕಾಣುತ್ತದೆ. ಕಪ್ಪು, ಬಿಳಿ, ನಡುನಡುವೆ ಬೂದು; ಒಂದೇ ಬಗೆಯವು ಒಂದೆಡೆ ಗುಂಪುಗೂಡಿರುವುದಿಲ್ಲ. ಈ ಬೆರಕೆ ಹೇಗಾಯಿತು? ಉತ್ತರ ಸ್ನಾಯುವಿನಲ್ಲಿಲ್ಲ, ನರದಲ್ಲಿದೆ.

1960ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಆರ್ಥರ್ ಬುಲ್ಲರ್, ಜಾನ್ ಎಕ್ಲ್ಸ್ ಮತ್ತು ಎಕ್ಲ್ಸರ ಮಗಳು ರೋಸಮಂಡ್ ಸೇರಿ ಬೆಕ್ಕುಗಳ ಮೇಲೆ ಒಂದು ಪ್ರಯೋಗ ಮಾಡಿದರು. ನಿಧಾನದ ಸೋಲಿಯಸ್ ಸ್ನಾಯುವಿನ ನರವನ್ನೂ, ಬೆರಳು ಮಡಿಸುವ ವೇಗದ ಸ್ನಾಯುವೊಂದರ ನರವನ್ನೂ ಕತ್ತರಿಸಿ, ಇದರದ್ದನ್ನು ಅದಕ್ಕೆ, ಅದರದ್ದನ್ನು ಇದಕ್ಕೆ ಜೋಡಿಸಿದರು. ನರಗಳು ಬೆಳೆದು ಕೂಡಿಕೊಂಡ ಮೇಲೆ ನೋಡಿದರೆ ನಿಧಾನದ ಸ್ನಾಯುವಿಗೆ ವೇಗ ಬಂದಿತ್ತು, ವೇಗದ ಸ್ನಾಯು ನಿಧಾನವಾಗಿತ್ತು. ನರದಿಂದ ಯಾವುದೋ ರಾಸಾಯನಿಕ ಇಳಿದು ಹೀಗಾಗಿರಬಹುದು ಎಂದು ಆಗ ಊಹಿಸಿದರು. 1969ರಲ್ಲಿ ಸಾಮನ್ಸ್ ಮತ್ತು ವ್ರ್ಬೋವಾ ಮೊಲದ ವೇಗದ ಸ್ನಾಯುವಿನ ನರಕ್ಕೆ ವಾರಗಟ್ಟಲೆ ಸೆಕೆಂಡಿಗೆ ಹತ್ತರಂತೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು, ಆ ಸ್ನಾಯುವೂ ನಿಧಾನವಾದದ್ದನ್ನು ತೋರಿಸಿದರು. ಅಂದರೆ ಮುಖ್ಯವಾದದ್ದು ನರ ಕಳಿಸುವ ಮಿಡಿತದ ಲಯ. ಎಡೆಬಿಡದೆ ಮೆಲ್ಲಗೆ ಮಿಡಿಯುವ ನರದ ಕೈಗೆ ಸಿಕ್ಕ ತಂತು ಟೈಪ್ 1 ಆಗುತ್ತದೆ. ಸುಮ್ಮನಿದ್ದು ಆಗೊಮ್ಮೆ ಈಗೊಮ್ಮೆ ರಭಸದಿಂದ ಸಿಡಿಯುವ ನರದ ಕೈಗೆ ಸಿಕ್ಕಿದ್ದು ಟೈಪ್ 2. ತಂತುವಿನೊಳಗೆ ಕ್ಯಾಲ್ಸಿಯಂ ಏರಿಳಿಯುವ ರೀತಿಯಿಂದ ಆ ಲಯ ಜೀನುಗಳಿಗೆ ತಲುಪಿ, ಯಾವ ಮಯೋಸಿನ್ ತಯಾರಾಗಬೇಕೆಂಬುದು ತೀರ್ಮಾನವಾಗುತ್ತದೆ.

ಇನ್ನೊಂದು ಸಂಗತಿ ಗೊತ್ತಿರಬೇಕು. ಬೆನ್ನುಹುರಿಯಲ್ಲಿರುವ ಒಂದು ಚಾಲಕ ನರಕೋಶ ಒಂದೇ ತಂತುವನ್ನು ಆಳುವುದಿಲ್ಲ. ಅದರ ಎಳೆ ಸ್ನಾಯುವಿನೊಳಗೆ ಕವಲೊಡೆದು ಹಲವು ತಂತುಗಳನ್ನು ಮುಟ್ಟುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುಗಳಲ್ಲಿ ಒಂದು ನರಕೋಶಕ್ಕೆ ಕೆಲವೇ ತಂತುಗಳು. ಮೀನಖಂಡದ ದೊಡ್ಡ ಸ್ನಾಯುವಿನಲ್ಲಿ ಸಾವಿರಕ್ಕೂ ಮಿಕ್ಕಿ. ಈ ಕೂಟಕ್ಕೆ ಚಾಲಕ ಘಟಕ ಎಂದು ಹೆಸರು. 1968ರಲ್ಲಿ ಸ್ಟಾಕ್‌ಹೋಮಿನ ಎಡ್‌ಸ್ಟ್ರೋಮ್ ಮತ್ತು ಕುಗೆಲ್‌ಬರ್ಗ್ ಇಲಿಯ ಒಂದೇ ಒಂದು ನರದ ಎಳೆಯನ್ನು ಸ್ನಾಯು ಪೂರ್ತಿ ದಣಿಯುವವರೆಗೆ ಮಿಡಿಸಿದರು. ಆ ಎಳೆಗೆ ಸೇರಿದ ತಂತುಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಬರಿದಾಗಿತ್ತು. ಬಣ್ಣ ಹಾಕಿ ನೋಡಿದಾಗ ಎರಡು ಸಂಗತಿ ಕಂಡವು. ಒಂದು ನರಕೋಶದ ತಂತುಗಳೆಲ್ಲ ಒಂದೇ ಬಗೆಯವು. ಅವು ಒಟ್ಟಿಗಿಲ್ಲ, ಬೇರೆ ನರಕೋಶಗಳ ತಂತುಗಳ ನಡುವೆ ಚೆಲ್ಲಾಪಿಲ್ಲಿಯಾಗಿ ಹರಡಿವೆ. ಆ ಕಪ್ಪುಬಿಳುಪು ಬೆರಕೆ ಹುಟ್ಟುವುದು ಹೀಗೆ.

ಈಗ ಪೋಲಿಯೋ ತೆಗೆದುಕೊಳ್ಳೋಣ. ನಮ್ಮ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ನಾವು ಪೋಲಿಯೋಮುಕ್ತರಾದೆವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ರೋಗ ಹೋಯಿತು, ರೋಗ ಉಂಡವರು ನಮ್ಮ ನಡುವೆಯೇ ಇದ್ದಾರೆ. ಲಸಿಕೆ ಹಳ್ಳಿಹಳ್ಳಿಗೆ ತಲುಪುವ ಮೊದಲು ಹುಟ್ಟಿದ ಅವರಲ್ಲಿ ಹೆಚ್ಚಿನವರಿಗೆ ಈಗ ನಡುವಯಸ್ಸು ದಾಟಿದೆ.

ಪೋಲಿಯೋ ವೈರಸ್ಸು ಕೊಲ್ಲುವುದು ಬೆನ್ನುಹುರಿಯ ಚಾಲಕ ನರಕೋಶಗಳನ್ನು, ಸ್ನಾಯುವನ್ನಲ್ಲ. ನರಕೋಶ ಸತ್ತ ಮೇಲೆ ಅದರ ನೂರಾರು ತಂತುಗಳು ಯಜಮಾನನಿಲ್ಲದೆ ಉಳಿಯುತ್ತವೆ. ಹಾಗೇ ಬಿಟ್ಟರೆ ಸೊರಗುತ್ತವೆ. ಅಲ್ಲೊಂದು ಅದ್ಭುತ ನಡೆಯುತ್ತದೆ. ಪಕ್ಕದಲ್ಲಿ ಬದುಕುಳಿದ ನರದ ಎಳೆಗಳು ಹೊಸ ಕವಲು ಚಾಚಿ ಆ ತಂತುಗಳನ್ನು ಹುಡುಕಿ ಹಿಡಿಯುತ್ತವೆ. ಜ್ವರ ಬಿಟ್ಟ ಮೇಲೆ ತಿಂಗಳುಗಟ್ಟಲೆ ಮಗುವಿನ ಕಾಲಿಗೆ ಸ್ವಲ್ಪಸ್ವಲ್ಪವೇ ಬಲ ಮರಳಿದ್ದು ಬಹುಮಟ್ಟಿಗೆ ಈ ಕಾರಣದಿಂದ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಗೋಡೆ ಹಿಡಿಸಿ ನಡೆಸಿದ ತಾಯಂದಿರ ಶ್ರಮವನ್ನು ನಾನು ಕಡಿಮೆ ಮಾಡುತ್ತಿಲ್ಲ. ಕೀಲು ಬಿಗಿಯದಂತೆ, ಉಳಿದ ಸ್ನಾಯು ಕೆಲಸ ಮರೆಯದಂತೆ ಕಾಪಾಡಿದ್ದು ಆ ಕೈಗಳೇ. ಒಳಗೆ ನರಗಳು ಕವಲೊಡೆಯುತ್ತಿದ್ದವು, ಹೊರಗೆ ತಾಯಿ ದುಡಿಯುತ್ತಿದ್ದಳು.

ಹೊಸ ಯಜಮಾನ ಬಂದ ಮೇಲೆ ತಂತು ತನ್ನ ಹಳೆಯ ಬಗೆಯಲ್ಲೇ ಉಳಿಯುವುದಿಲ್ಲ. ವೇಗದ್ದಾಗಿದ್ದ ತಂತುವನ್ನು ನಿಧಾನದ ನರ ಹಿಡಿದರೆ ಅದು ಕ್ರಮೇಣ ನಿಧಾನದ್ದಾಗುತ್ತದೆ. ಹೀಗೆ ಒಂದು ನರ ತನ್ನ ಸುತ್ತಲಿನ ತಂತುಗಳನ್ನೆಲ್ಲ ತನ್ನ ಬಗೆಗೆ ತಿರುಗಿಸಿಕೊಂಡಾಗ ಮೊದಲಿನ ಬೆರಕೆ ಅಳಿಸಿಹೋಗುತ್ತದೆ. ಸೂಕ್ಷ್ಮದರ್ಶಕದಡಿ ಒಂದೆಡೆ ಬರೀ ಕಪ್ಪು ತಂತುಗಳ ಗುಂಪು, ಅದರ ಪಕ್ಕ ಬರೀ ಬಿಳಿ ತಂತುಗಳ ಗುಂಪು ಕಾಣುತ್ತವೆ. ಇದಕ್ಕೆ ನಾವು ತಂತುಗಳ ಗುಂಪುಗೂಡುವಿಕೆ ಎನ್ನುತ್ತೇವೆ. 1968ರಲ್ಲಿ ಕರ್ಪಾಟಿ ಮತ್ತು ಎಂಗಲ್ ಗಿನಿಯಿಲಿಗಳಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ಇಂಥ ಗುಂಪು ಕಂಡ ತಕ್ಷಣ ನರ ಪೆಟ್ಟು ತಿಂದಿದೆ ಎಂದು ಬರೆಯುತ್ತೇವೆ. ನನ್ನ ಮಟ್ಟಿಗೆ ಆ ವಾಕ್ಯ ಅರ್ಧ ಸತ್ಯ. ಗುಂಪುಗೂಡುವಿಕೆ ನರ ಸತ್ತದ್ದರ ಗುರುತು ಹೌದು. ಅದಕ್ಕಿಂತ ಹೆಚ್ಚಾಗಿ, ಬದುಕಿದ ನರ ಹೊರೆ ಹೊತ್ತದ್ದರ ಗುರುತು.

1980ರ ದಶಕದ ಕೊನೆಯಲ್ಲಿ ಸ್ಟಾಕ್‌ಹೋಮಿನ ಬೋರ್ಗ್, ಗ್ರಿಂಬಿ, ಮತ್ತು ಆಗಲೇ ಹೆಸರಿಸಿದ ಎಡ್‌ಸ್ಟ್ರೋಮ್ ಪೋಲಿಯೋ ಆಗಿದ್ದವರ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿರುವ ಸ್ನಾಯುವನ್ನು ಪರೀಕ್ಷಿಸಿದರು. ನಡೆಯುವಾಗ ಪಾದದ ಮುಂಭಾಗ ನೆಲಕ್ಕೆ ತಾಗದಂತೆ ಎತ್ತುವುದು ಆ ಸ್ನಾಯು. ಅಳಿದುಳಿದ ಕೆಲವೇ ಚಾಲಕ ಘಟಕಗಳಿಂದ ಪ್ರತಿ ಹೆಜ್ಜೆಯನ್ನೂ ಎತ್ತಿಡುತ್ತಾ ವರ್ಷಾನುಗಟ್ಟಲೆ ನಡೆದವರಲ್ಲಿ ತಂತುಗಳು ವಿಪರೀತ ದಪ್ಪವಾಗಿದ್ದವು, ಬಹುತೇಕ ಎಲ್ಲವೂ ಟೈಪ್ 1 ಆಗಿದ್ದವು. ನಿಧಾನದ ನರಗಳಷ್ಟೇ ಉಳಿದು ಹೀಗಾಯಿತೆಂದು ವಿವರಿಸಿದರೆ ಸಾಲದು. ವೇಗದ ನರಗಳೂ ಬಿಡುವಿಲ್ಲದೆ ಮಿಡಿಯಬೇಕಾಗಿ ಬಂದು, ಅವುಗಳ ತಂತುಗಳೂ ನಿಧಾನದವಾಗಿ ಮಾರ್ಪಟ್ಟವು ಎಂದು ಆ ಸಂಶೋಧಕರು ಕಂಡುಕೊಂಡರು. ಮೊಲಕ್ಕೆ ವಿದ್ಯುತ್ತಿನಿಂದ ಮಾಡಿದ್ದನ್ನು ಈ ಮನುಷ್ಯರು ನಡೆದೇ ಮಾಡಿದ್ದರು. ಆದ್ದರಿಂದಲೇ ನಾನು ಹೇಳುವುದು: ಸ್ನಾಯುವಿನ ಒಂದು ಚೂರಿನಲ್ಲಿ ರೋಗದ ಹೆಸರಷ್ಟೇ ಇರುವುದಿಲ್ಲ, ಆ ರೋಗ ಹೊತ್ತು ಆ ವ್ಯಕ್ತಿ ಹೇಗೆ ಬಾಳಿದ ಎಂಬುದೂ ಇರುತ್ತದೆ. ವರದಿ ಬರೆಯುವವರು ಎರಡನ್ನೂ ಓದಬೇಕು.

ಉಳಿದ ನರರೋಗಗಳಲ್ಲಿ ಇದೇ ಕ್ರಿಯೆ ಬೇರೆಬೇರೆ ವೇಗದಲ್ಲಿ ನಡೆಯುತ್ತದೆ. ಎಎಲ್‌ಎಸ್ ಎಂಬ ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ನರಕೋಶಗಳು ಒಂದರ ಹಿಂದೊಂದು ಸಾಯುತ್ತಲೇ ಹೋಗುತ್ತವೆ. ಈ ಕಾಯಿಲೆ ಬರಿಸಿದ ಇಲಿಗಳಲ್ಲಿ ಮೊದಲು ಸ್ನಾಯುವಿನ ಹಿಡಿತ ಬಿಡುವುದು ಅತಿವೇಗದ ತಂತುಗಳನ್ನು ಆಳುವ ನರಗಳು; ನಿಧಾನದವು ಕೊನೆಯವರೆಗೆ ಹೋರಾಡುತ್ತವೆ, ಬಿಟ್ಟುಹೋದ ತಂತುಗಳನ್ನು ಹಿಡಿದುಕೊಳ್ಳುತ್ತವೆ. ಹಿಡಿದ ನರವೂ ಮುಂದೆ ಸಾಯುತ್ತದೆ. ಆಗ ಗುಂಪುಗುಂಪೇ ಸೊರಗುತ್ತದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಇನ್ನೊಂದು ಕಾಯಿಲೆಯನ್ನು ವರ್ಣಿಸಿದರು: ಮೊನೊಮೆಲಿಕ್ ಅಮಯೋಟ್ರಫಿ. ಹೆಚ್ಚಾಗಿ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಗಂಡುಹುಡುಗರಿಗೆ ಒಂದೇ ಕೈ ಅಥವಾ ಒಂದೇ ಕಾಲು ಬಡವಾಗುತ್ತದೆ. ಕೆಲವು ವರ್ಷ ಮುಂದುವರಿದು ಆಮೇಲೆ ನಿಂತುಬಿಡುತ್ತದೆ. ಸ್ನಾಯುವಿನ ಚೂರಿನಲ್ಲಿ ಇಲ್ಲೂ ನರದ ಪೆಟ್ಟಿನ ಗುರುತುಗಳೇ. ಆ ಚೂರೊಂದನ್ನೇ ನೋಡಿ ಹುಡುಗನ ಮುಂದಿನ ಬದುಕಿನ ಬಗ್ಗೆ ತೀರ್ಪು ಹೇಳುವುದು ಅನ್ಯಾಯ. ಎಎಲ್‌ಎಸ್ ಎಂಬ ಹೆಸರು ಕೇಳಿ ಕುಸಿದುಹೋದ ಮನೆಗಳಿಗೆ, ಎರಡು ವರ್ಷದ ನಂತರ ಇದು ಅಲ್ಲೇ ನಿಂತ ಬಗೆ ಎಂದು ತಿಳಿದುಬಂದದ್ದುಂಟು. ಕಾಯುವುದೂ ಪರೀಕ್ಷೆಯ ಒಂದು ಭಾಗ.

ಇಷ್ಟು ನರದ ಮಾತಾಯಿತು. ಸ್ನಾಯುವೇ ಕೆಟ್ಟಾಗ ಕಥೆ ಬೇರೆ. ಅಲ್ಲಿ ಗುಂಪುಗೂಡುವಿಕೆ ಇರುವುದಿಲ್ಲ. ಯಾವ ಬಗೆಯ ತಂತು ಮೊದಲು ಬಲಿಯಾಗುತ್ತದೆ ಎಂಬುದೇ ಪ್ರಶ್ನೆ.

ಡುಶೆನ್ ಸ್ನಾಯುಕ್ಷಯ ಗಂಡುಮಕ್ಕಳಿಗೆ ಬರುವ ಕಾಯಿಲೆ. ಮಗು ತಡವಾಗಿ ನಡೆಯುತ್ತದೆ, ಪದೇಪದೇ ಬೀಳುತ್ತದೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೇ ಕೈಯೂರಿ ಏರುತ್ತದೆ. ಮೀನಖಂಡ ಮಾತ್ರ ಉಬ್ಬಿ ಗಟ್ಟಿಯಾಗಿ ಕಾಣುತ್ತದೆ. ಅದನ್ನು ನೋಡಿ ಮನೆಯವರು ಮಗು ಬಲಿಷ್ಠನೆಂದೇ ನಂಬುತ್ತಾರೆ. ಫ್ರಾನ್ಸಿನ ವೈದ್ಯ ಡುಶೆನ್ 1860ರ ದಶಕದಲ್ಲೇ ಇದಕ್ಕಾಗಿ ಒಂದು ಸೂಜಿಯನ್ನು ರೂಪಿಸಿ, ಬದುಕಿರುವ ರೋಗಿಗಳಿಂದಲೇ ಸ್ನಾಯುವಿನ ಚೂರು ತೆಗೆದು ನೋಡಿದ. ಕಾಯಿಲೆಗೆ ಕಾರಣ ಡಿಸ್ಟ್ರೋಫಿನ್ ಎಂಬ ಪ್ರೊಟೀನಿನ ಕೊರತೆ ಎಂದು ತಿಳಿಯಲು 1987 ಬರಬೇಕಾಯಿತು. ಡಿಸ್ಟ್ರೋಫಿನ್ ಇಲ್ಲದ ತಂತುವಿನ ಹೊರಪೊರೆ ಪ್ರತಿ ಎಳೆತಕ್ಕೂ ಹರಿಯುತ್ತದೆ. ಹೆಚ್ಚು ರಭಸದಿಂದ ಎಳೆಯುವ ತಂತು ಮೊದಲು ಹರಿಯುತ್ತದೆ. 1988ರಲ್ಲಿ ವೆಬ್‌ಸ್ಟರ್ ಮತ್ತು ಸಂಗಡಿಗರು ಡುಶೆನ್ ಮಕ್ಕಳ ಸ್ನಾಯುವಿನಲ್ಲಿ ವೇಗದ ತಂತುಗಳೇ, ಅದರಲ್ಲೂ ಅತಿವೇಗದವು, ಮೊದಲು ಹೋಗುತ್ತವೆ ಎಂದು ತೋರಿಸಿದರು. ಉಳಿದ ಸ್ನಾಯುವಿನಲ್ಲಿ ಟೈಪ್ 1ರದೇ ಮೇಲುಗೈ. ಇದು ಸ್ನಾಯು ಸುಧಾರಿಸಿಕೊಂಡದ್ದರ ಗುರುತಲ್ಲ. ಸಾಯಬೇಕಾದವು ಸತ್ತ ಮೇಲೆ ಉಳಿದದ್ದರ ಲೆಕ್ಕ. ನಿಧಾನದ ತಂತುಗಳಲ್ಲಿ ಯೂಟ್ರೋಫಿನ್ ಎಂಬ ಹತ್ತಿರದ ಪ್ರೊಟೀನು ಹೆಚ್ಚಿರುವುದೂ ಅವುಗಳಿಗೆ ಕೊಂಚ ರಕ್ಷೆ. ಇದೇ ಸುಳಿವು ಹಿಡಿದು, ಇಲಿಗಳಲ್ಲಿ ತಂತುಗಳನ್ನು ನಿಧಾನದ ಕಡೆಗೆ ತಿರುಗಿಸಿದಾಗ ಹಾನಿ ಕಡಿಮೆಯಾದದ್ದು ಕಂಡುಬಂದಿದೆ. ವೇಗದ ತಂತುಗಳ ಮಯೋಸಿನ್ನನ್ನಷ್ಟೇ ತುಸು ಹಿಡಿದು, ಅವು ಅಷ್ಟು ಬಿರುಸಾಗಿ ಎಳೆಯದಂತೆ ಮಾಡುವ ಔಷಧವೂ ರೋಗಿಗಳಲ್ಲಿ ಪ್ರಯೋಗದ ಹಂತ ಮುಟ್ಟಿದೆ. ಬಲ ಕುಂದಿದವನ ಸ್ನಾಯುವನ್ನು ಇನ್ನಷ್ಟು ಮೆತ್ತಗೆ ಎಳೆಯುವಂತೆ ಮಾಡಿ ಕಾಪಾಡುವ ಈ ದಾರಿ ನನಗೆ ತುಂಬ ಭರವಸೆ ಕೊಟ್ಟಿದೆ.

ಕೆಲವು ಹುಟ್ಟುಕಾಯಿಲೆಗಳಲ್ಲಿ ಟೈಪ್ 1 ತಂತುಗಳೇ ಕೆಡುತ್ತವೆ. 1956ರಲ್ಲಿ ಶೈ ಮತ್ತು ಮ್ಯಾಗಿ ವರ್ಣಿಸಿದ ಸೆಂಟ್ರಲ್ ಕೋರ್ ಕಾಯಿಲೆ ಅಂಥದ್ದು. ಈ ಕಾಯಿಲೆ ಇರುವ ಕುಟುಂಬದವರು ಯಾವುದೇ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ತಜ್ಞರಿಗೆ ಕಾಯಿಲೆಯ ಹೆಸರು ಹೇಳಲೇಬೇಕು. ಕೆಲವು ಅರಿವಳಿಕೆಗಳು ಅವರ ಮೈಕಾವನ್ನು ಪ್ರಾಣಾಪಾಯದ ಮಟ್ಟಕ್ಕೆ ಏರಿಸಬಲ್ಲವು.

ವೇಗದ ತಂತುಗಳಿಗೆ ಇನ್ನೊಂದು ಕಂಟಕವಿದೆ, ಅದು ಬಹಳ ಸಾಮಾನ್ಯ. ಹಾಸಿಗೆ ಹಿಡಿದಾಗ, ವಯಸ್ಸಾದಾಗ, ಬಹುಕಾಲ ಸ್ಟೆರಾಯ್ಡ್ ತೆಗೆದುಕೊಂಡಾಗ ಟೈಪ್ 2 ತಂತುಗಳು ಸಣ್ಣಗಾಗುತ್ತವೆ. ನಡೆದಾಡಲು ತೊಂದರೆಯಿಲ್ಲ, ಆದರೆ ನೆಲದಿಂದ ಏಳಲಾಗುವುದಿಲ್ಲ, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಅಜ್ಜಿಯೊಬ್ಬರು ಹೇಳಿದರೆ ಆ ಮಾತಿನಲ್ಲೇ ಟೈಪ್ 2ರ ಕಥೆ ಇರಬಹುದು. ಹಾಗೆಂದು ಸ್ಟೆರಾಯ್ಡನ್ನು ಯಾರೂ ತಾವಾಗಿ ನಿಲ್ಲಿಸಬಾರದು. ತಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ಡುಶೆನ್ ಮಕ್ಕಳಿಗಂತೂ ಅದೇ ಔಷಧ ನಡೆಯುವ ಕಾಲವನ್ನು ಹಿಗ್ಗಿಸುತ್ತದೆ. ಉರಿಯೂತ ತಗ್ಗಿ ಸಿಗುವ ಲಾಭ ಅವರಲ್ಲಿ ನಷ್ಟಕ್ಕಿಂತ ದೊಡ್ಡದು.

ಇಂದು ಜೀನ್ ಪರೀಕ್ಷೆಯಿಂದ ಎಷ್ಟೋ ಮಕ್ಕಳಿಗೆ ಸ್ನಾಯುವಿನ ಚೂರು ತೆಗೆಸಿಕೊಳ್ಳುವ ನೋವು ತಪ್ಪಿದೆ, ಅದು ಒಳ್ಳೆಯದೇ. ಆದರೆ ಯಾವ ಜೀನೂ ಹೇಳಲಾಗದ ಸಂಗತಿಯೊಂದು ಪೋಲಿಯೋ ಆಗಿದ್ದವರ ಸ್ನಾಯುವಿನಲ್ಲಿದೆ, ಅದನ್ನು ಹೇಳದೆ ಹೋಗಲಾರೆ. ಒಂದು ನರಕೋಶ ತನ್ನ ಪಾಲಿನ ಹಲವು ಪಟ್ಟು ತಂತುಗಳನ್ನು ದಶಕಗಟ್ಟಲೆ ಸಾಕಿದ ಮೇಲೆ, ಕವಲುಗಳನ್ನು ಒಂದೊಂದಾಗಿ ಕೈಬಿಡತೊಡಗಬಹುದು. ಹದಿನೈದೋ ಮೂವತ್ತೋ ನಲವತ್ತೋ ವರ್ಷ ಚೆನ್ನಾಗಿದ್ದವರಿಗೆ ಹೊಸದಾಗಿ ಸುಸ್ತು, ನೋವು, ಬಲಹೀನತೆ ಶುರುವಾಗುತ್ತದೆ. ಇದಕ್ಕೆ ಪೋಸ್ಟ್ ಪೋಲಿಯೋ ಸಿಂಡ್ರೋಮ್ ಎನ್ನುತ್ತಾರೆ. ವೈರಸ್ಸು ಮರಳಿ ಎದ್ದಿಲ್ಲ, ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ವಯಸ್ಸಾಯಿತು, ಸೋಮಾರಿತನ ಬಂತು ಎಂದು ಮನೆಯವರು ತಳ್ಳಿಹಾಕಬೇಡಿ. ಇನ್ನೂ ಜೋರಾಗಿ ವ್ಯಾಯಾಮ ಮಾಡಿಸಿದರೆ ಸರಿಹೋಗುತ್ತದೆ ಎಂದು ದಂಡಿಸಲೂ ಬೇಡಿ. ದಣಿಯುವ ಮೊದಲೇ ನಿಲ್ಲಿಸುವ ಹಗುರ ವ್ಯಾಯಾಮ, ನಡುನಡುವೆ ವಿರಾಮ ಇವರಿಗೆ ಬೇಕಾದದ್ದು. ಪೂರ್ತಿ ಮಲಗಿಸುವುದೂ ತಪ್ಪು. ಬಾಲ್ಯದಲ್ಲಿ ಕಾಲಿಗೆ ಆಸರೆಯಾಗಿ ಹಾಕಿಕೊಂಡ ಕ್ಯಾಲಿಪರನ್ನು ಯೌವನದಲ್ಲಿ ಹಟಹಿಡಿದು ಬಿಚ್ಚಿಟ್ಟವರು ಅದನ್ನು ಮತ್ತೆ ಕಟ್ಟಿಕೊಳ್ಳಲು ಒಪ್ಪುವುದಿಲ್ಲ, ಸೋತೆವೆಂದು ಕುಗ್ಗುತ್ತಾರೆ. ಅವರೊಂದಿಗೆ ಕೂತು ಮಾತಾಡಿ, ದಿನಕ್ಕೆ ಎಷ್ಟು ನಡೆಯುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಯಾವ ಮೆಟ್ಟಿಲು ಹತ್ತುತ್ತಾರೆ ಎಂದು ಕೇಳಿ, ಹೊರೆ ಎಲ್ಲಿ ಇಳಿಸಬಹುದೆಂದು ನೋಡುವ ವೈದ್ಯರೂ ಫಿಜಿಯೋಥೆರಪಿಸ್ಟರೂ ಅವರಿಗೆ ಸಿಗಬೇಕು.